ಮನೆ ನವೀಕರಣ: ಡಿಸೈನರ್ ಬಾಗಿಲು ತಟ್ಟುವ ಮುನ್ನ ನೀವು ಮಾಡಬೇಕಾದ ಹೋಂವರ್ಕ್

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಮಾತು ಎಲ್ಲರಿಗೂ ಗೊತ್ತು. ಇರುವ ಮನೆಯನ್ನೇ ಸರಿಮಾಡಿಸುವುದು ಅಷ್ಟು ಕಷ್ಟವಲ್ಲ ಎಂದುಕೊಂಡವರು ಮಾತ್ರ ಕೆಲಸ ಶುರುವಾದ ಎರಡೇ ವಾರಕ್ಕೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಹೇಳಿದ ದುಡ್ಡು ಸಾಲುವುದಿಲ್ಲ, ಹೇಳಿದ ದಿನಕ್ಕೆ ಮುಗಿಯುವುದಿಲ್ಲ, ಮುಗಿದ ಮೇಲೆ 'ನಾವು ಕೇಳಿದ್ದು ಇದಲ್ಲ' ಎಂಬ ಜಗಳ.

ಇದರ ನಡುವೆ ವಾಟ್ಸ್‌ಆ್ಯಪ್‌ನಲ್ಲಿ ಸಲಹೆಗಳಿಗೇನೂ ಬರವಿಲ್ಲ. 'ಗೋಡೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಒಡೆಯಬಹುದು', 'ಡಿಸೈನರ್‌ಗೆ ಬಜೆಟ್ ಹೇಳಲೇಬೇಡಿ', 'ವಾಟರ್‌ಪ್ರೂಫ್ ಪ್ಲೈ ಹಾಕಿಸಿದರೆ ಜೀವಮಾನವಿಡೀ ಚಿಂತೆಯಿಲ್ಲ' ಎಂಬಂಥವು. ಇವುಗಳಲ್ಲಿ ಕೆಲವು ದುಡ್ಡು ಹಾಳು ಮಾಡುತ್ತವೆ. ಗೋಡೆ ತಟ್ಟುವ ಸಲಹೆಯಂತೂ ಜೀವಕ್ಕೇ ಅಪಾಯ ತರಬಹುದು.

ಚುಟುಕಾಗಿ ಹೇಳುವುದಾದರೆ, ಡಿಸೈನರ್ ಕೆಲಸ ಚೆನ್ನಾಗಿ ಆಗುವುದು ನೀವು ಕೊಡುವ ಮಾಹಿತಿ ಚೆನ್ನಾಗಿದ್ದರೆ. ಮನೆಯಲ್ಲಿ ಯಾರಿದ್ದಾರೆ, ಹೇಗೆ ಬದುಕುತ್ತಾರೆ, ಗೋಡೆ, ನೀರು, ವಿದ್ಯುತ್ ಯಾವ ಸ್ಥಿತಿಯಲ್ಲಿವೆ, ಕೈಯಲ್ಲಿ ಎಷ್ಟು ಹಣವಿದೆ ಎಂಬುದನ್ನು ಮೊದಲ ಭೇಟಿಗೂ ಮುಂಚೆ ಬರೆದಿಟ್ಟುಕೊಳ್ಳಿ. ಅದನ್ನು ಹೇಗೆ ಮಾಡಬೇಕು ಎಂಬುದನ್ನು ನಾವಿಲ್ಲಿ ಒಂದೊಂದಾಗಿ ವಿವರಿಸುತ್ತೇವೆ.

ಯಾರು ಯಾವ ಕೆಲಸಕ್ಕೆ?

ನಮ್ಮಲ್ಲಿ 'ಡಿಸೈನರ್' ಎಂಬ ಒಂದೇ ಪದವನ್ನು ಹಲವರಿಗೆ ಬಳಸುತ್ತೇವೆ. ಗೊಂದಲ ಇಲ್ಲಿಂದಲೇ ಶುರು.

ಆರ್ಕಿಟೆಕ್ಟ್: ಕಟ್ಟಡದ ವಿನ್ಯಾಸಕಾರರು. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆದವರು ಮಾತ್ರ ಈ ಹೆಸರನ್ನು ಬಳಸಬಹುದು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಇಂಟೀರಿಯರ್ ಡಿಸೈನರ್: ಒಳಾಂಗಣದ ವಿನ್ಯಾಸ ಮಾಡುವವರು. ಇವರಲ್ಲಿ ವರ್ಷಗಟ್ಟಲೆ ಓದಿ ಪಳಗಿದವರಿದ್ದಾರೆ. ಆದರೆ ಆರ್ಕಿಟೆಕ್ಟ್ ಹೆಸರಿಗೆ ಇರುವಂಥ ಕಾನೂನಿನ ಕಾವಲು ಈ ಹೆಸರಿಗಿಲ್ಲ, ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಹಾಗಾಗಿ ಹಿಂದೆ ಮಾಡಿದ ಕೆಲಸವನ್ನು ಕಣ್ಣಾರೆ ನೋಡಿಯೇ ಒಪ್ಪಿಕೊಳ್ಳಿ.

ಸ್ಟ್ರಕ್ಚರಲ್ ಎಂಜಿನಿಯರ್: ಕಟ್ಟಡದ ಭಾರ ಯಾವ ಗೋಡೆ, ಕಂಬ, ತೊಲೆಯ ಮೇಲಿದೆ ಎಂದು ಲೆಕ್ಕ ಹಾಕುವವರು. ಗೋಡೆ ಒಡೆಯುವ ಮಾತು ಬಂದರೆ ಇವರ ಅಭಿಪ್ರಾಯ ಬೇಕೇ ಬೇಕು.

ಕಂಟ್ರ್ಯಾಕ್ಟರ್ ಮತ್ತು ಮೇಸ್ತ್ರಿ: ಕೆಲಸವನ್ನು ನಿಂತು ಮಾಡಿಸುವವರು. ಅನುಭವ ದೊಡ್ಡದೇ ಇರಬಹುದು. ಆದರೆ 'ಏನೂ ಆಗಲ್ಲ ಸಾರ್, ಒಡೀಬಹುದು' ಎಂಬ ಮಾತು ಎಂಜಿನಿಯರ್ ಲೆಕ್ಕಕ್ಕೆ ಸಮವಲ್ಲ.

ಕೆಲವು ಸಂಸ್ಥೆಗಳು ವಿನ್ಯಾಸ ಮತ್ತು ಕೆಲಸ ಎರಡನ್ನೂ ಒಟ್ಟಿಗೆ ವಹಿಸಿಕೊಳ್ಳುತ್ತವೆ. ಆಗ ಓಡಾಟ ಕಡಿಮೆ, ನಿಜ. ಆದರೆ ಕೆಲಸ ಮಾಡುವವರು ಮತ್ತು ಅದನ್ನು ಪರಿಶೀಲಿಸುವವರು ಒಂದೇ ಕಡೆಯವರಾಗುತ್ತಾರೆ. ಹೀಗಿದ್ದಾಗ ನಡುನಡುವೆ ಹೋಗಿ ನೋಡುವ ಜವಾಬ್ದಾರಿ ನಿಮ್ಮ ಮೇಲೆ ಹೆಚ್ಚು.

ಒಂದು ವಾರ ನಿಮ್ಮ ಮನೆಯನ್ನೇ ಗಮನಿಸಿ

ಮೊಬೈಲ್‌ನಲ್ಲಿ ಚಂದದ ಅಡುಗೆಮನೆಗಳ ಫೋಟೋ ಕೂಡಿಡುವ ಮೊದಲು, ಒಂದು ನೋಟ್‌ಬುಕ್ ಹಿಡಿದು ಒಂದು ವಾರ ನಿಮ್ಮ ಮನೆ ಹೇಗೆ ನಡೆಯುತ್ತದೆ ಎಂದು ಬರೆಯಿರಿ. ಬೆಳಿಗ್ಗೆ ಯಾರು ಮೊದಲು ಏಳುತ್ತಾರೆ? ಬಚ್ಚಲುಮನೆಗೆ ಎಷ್ಟು ಹೊತ್ತಿಗೆ ಸಾಲು ನಿಲ್ಲುತ್ತದೆ? ಗ್ರೈಂಡರ್ ಎಲ್ಲಿಡುತ್ತೀರಿ, ಪ್ರತಿ ಸಲ ಎತ್ತಿ ತರಬೇಕೇ? ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗುತ್ತವೆ? ಚಪ್ಪಲಿಗಳು ಎಲ್ಲಿ ರಾಶಿ ಬೀಳುತ್ತವೆ? ಹಬ್ಬಕ್ಕೆ ನೆಂಟರು ಬಂದರೆ ಎಲ್ಲಿ ಮಲಗುತ್ತಾರೆ?

ಇವು ಚಿಲ್ಲರೆ ವಿಷಯಗಳಂತೆ ಕಾಣುತ್ತವೆ. ಆದರೆ ಡಿಸೈನರ್‌ಗೆ ಬೇಕಾಗಿರುವುದು ಇವೇ. ವಿದೇಶದ ಅಡುಗೆಮನೆಯ ಫೋಟೋ ನೋಡಿ ಮಾಡಿಸಿದ ತೆರೆದ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಘಾಟು ಹಾಲ್‌ನಲ್ಲಿರುವ ಸೋಫಾದವರೆಗೂ ಹೋಗುತ್ತದೆ. ನೀವು ದಿನಾ ಹೇಗೆ ಅಡುಗೆ ಮಾಡುತ್ತೀರಿ ಎಂದು ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ಅಡುಗೆ ಕಟ್ಟೆಯ ಎತ್ತರವನ್ನೇ ನೋಡಿ. ಸಾಮಾನ್ಯವಾಗಿ ಸುಮಾರು 34 ಇಂಚು ಇಡುತ್ತಾರೆ. ಆದರೆ ಹೆಚ್ಚು ಹೊತ್ತು ಅಡುಗೆ ಮಾಡುವವರ ಮೊಣಕೈಗಿಂತ 4ರಿಂದ 6 ಇಂಚು ಕೆಳಗೆ ಕಟ್ಟೆ ಇದ್ದರೆ ಭುಜಕ್ಕೂ ಸೊಂಟಕ್ಕೂ ಹಿತ. ಅಮ್ಮ ಐದಡಿ, ಅಳತೆ ಕೊಟ್ಟವರು ಆರಡಿ ಎತ್ತರದ ಮಗ ಎಂದಾದರೆ ಮುಂದಿನ ಇಪ್ಪತ್ತು ವರ್ಷ ನೋವು ಅಮ್ಮನ ಭುಜಕ್ಕೆ. ಮೊದಲ ಮಾತುಕತೆಯಲ್ಲಿ ಆ ಅಮ್ಮನೂ ಕೂತಿರಬೇಕು.

ವಯಸ್ಸಾದವರು ಮನೆಯಲ್ಲಿದ್ದರೆ ಅಥವಾ ಇನ್ನು ಹತ್ತು ವರ್ಷಕ್ಕೆ ನಿಮಗೇ ವಯಸ್ಸಾಗುವುದಿದ್ದರೆ, ಇವನ್ನೂ ಪಟ್ಟಿಗೆ ಸೇರಿಸಿ: ಬಚ್ಚಲಿಗೆ ಜಾರದ ಟೈಲ್ಸ್, ಕಮೋಡ್ ಪಕ್ಕ ಹಿಡಿದು ಏಳಲು ಗಟ್ಟಿ ಕಂಬಿ, ಹೊಸ್ತಿಲಲ್ಲಿ ಎಡವದಂಥ ಮಟ್ಟ, ರಾತ್ರಿ ದಾರಿ ಕಾಣಲು ಸಣ್ಣ ದೀಪ. ಗಾಲಿಕುರ್ಚಿ ಸಲೀಸಾಗಿ ಹೋಗಲು ಬಾಗಿಲು ಸುಮಾರು 3 ಅಡಿ ಅಗಲ ಬೇಕು. ನಮ್ಮ ಎಷ್ಟೋ ಬಚ್ಚಲುಮನೆಗಳ ಬಾಗಿಲು ಎರಡೂವರೆ ಅಡಿಯನ್ನೂ ದಾಟುವುದಿಲ್ಲ.

ಕೊನೆಗೆ ಪಟ್ಟಿಯನ್ನು ಎರಡು ಭಾಗ ಮಾಡಿ: 'ಆಗಲೇಬೇಕು' ಮತ್ತು 'ಆದರೆ ಚೆನ್ನ'. ಮನೆಯವರೆಲ್ಲ ಕೂತು ಇದನ್ನು ಮೊದಲೇ ಒಪ್ಪಿಕೊಳ್ಳಿ. ಗಂಡ ಒಂದು, ಹೆಂಡತಿ ಒಂದು ಹೇಳುತ್ತ ಡಿಸೈನರ್ ಎದುರು ಪಂಚಾಯಿತಿ ಶುರುವಾದರೆ ಹಾಳಾಗುವುದು ನಿಮ್ಮದೇ ಸಮಯ. ವಾಸ್ತು ನೋಡುವವರಿದ್ದರೆ ಅದನ್ನೂ ಮೊದಲ ದಿನವೇ ಹೇಳಿಬಿಡಿ. ನಕ್ಷೆ ಮುಗಿದ ಮೇಲೆ 'ಒಲೆ ಈ ಮೂಲೆಗೆ ಬರಬೇಕು' ಎಂದರೆ ನಲ್ಲಿ, ಗ್ಯಾಸ್, ವೈರಿಂಗ್ ಎಲ್ಲವೂ ಮತ್ತೆ ಮೊದಲಿನಿಂದ.

ಅಳತೆ, ಫೋಟೋ, ಕಾಗದಪತ್ರ

ಮೊದಲ ಭೇಟಿಗೆ ಇವು ಕೈಯಲ್ಲಿರಲಿ:

1. ಮನೆಯ ಮಂಜೂರಾದ ನಕ್ಷೆ. ಅಪಾರ್ಟ್‌ಮೆಂಟ್ ಆದರೆ ಬಿಲ್ಡರ್ ಕೊಟ್ಟ ಪ್ಲಾನ್. ಸಿಕ್ಕರೆ ಕಂಬ ಮತ್ತು ತೊಲೆಗಳ ಸ್ಟ್ರಕ್ಚರಲ್ ನಕ್ಷೆ.

2. ಪ್ರತಿ ಕೋಣೆಯ ಉದ್ದ, ಅಗಲ, ಎತ್ತರ. ಡಿಸೈನರ್ ತಾವೇ ಮತ್ತೆ ಅಳೆಯುತ್ತಾರೆ. ಆದರೂ ನಿಮ್ಮ ಅಳತೆ ಇದ್ದರೆ ಮೊದಲ ಅಂದಾಜು ಗಾಳಿಯಲ್ಲಿ ಗುಂಡು ಹೊಡೆದಂತೆ ಆಗುವುದಿಲ್ಲ.

3. ಉಳಿಸಿಕೊಳ್ಳುವ ಸಾಮಾನುಗಳ ಪಟ್ಟಿ ಮತ್ತು ಅಳತೆ. ಅಜ್ಜಿಯ ಕಾಲದ ತೇಗದ ಬೀರು, ಫ್ರಿಜ್, ವಾಷಿಂಗ್ ಮೆಷಿನ್, ಮಂಚ. ಫ್ರಿಜ್ ಬಾಗಿಲು ಪೂರ್ತಿ ತೆರೆಯಲು ಜಾಗ ಬಿಡದೆ ಅಡುಗೆಮನೆ ಮುಗಿಸಿ ಆಮೇಲೆ ಪರದಾಡುವವರು ಕಡಿಮೆಯಿಲ್ಲ.

4. ತೇವದ ಕಲೆ, ಬಿರುಕು, ಉಬ್ಬಿದ ಬಣ್ಣದ ಫೋಟೋಗಳು. ಇವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲೇ ತೆಗೆದಿಡಿ. ಕರಾವಳಿ, ಮಲೆನಾಡಿನ ಮನೆಗಳಿಗೆ ಇದು ಇನ್ನೂ ಮುಖ್ಯ. ಬೇಸಿಗೆಯಲ್ಲಿ ಒಣಗಿದ ಗೋಡೆ ನೋಡಿ ಸೋರಿಕೆ ಎಲ್ಲಿಂದ ಎಂದು ಹೇಳುವುದು ಕಷ್ಟ.

5. ಅಪಾರ್ಟ್‌ಮೆಂಟ್ ಆದರೆ ಸಂಘದ ನಿಯಮಗಳು: ಯಾವ ಹೊತ್ತಿನಲ್ಲಿ ಡ್ರಿಲ್ಲಿಂಗ್ ಮಾಡಬಹುದು, ಠೇವಣಿ ಎಷ್ಟು, ಕಟ್ಟಡದ ತ್ಯಾಜ್ಯ ಎಲ್ಲಿ ಹಾಕಬೇಕು, ಲಿಫ್ಟ್‌ನಲ್ಲಿ ಸಾಮಾನು ಸಾಗಿಸಬಹುದೇ.

ಅತಿ ಹೆಚ್ಚು ಓಡಾಡುವ ಐದು ತಪ್ಪು ನಂಬಿಕೆಗಳು

ನಂಬಿಕೆ 1: 'ಗೋಡೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಡೆಯಬಹುದು.'

ವಾಸ್ತವ: ಸದ್ದಿನಿಂದ ಇದು ಗೊತ್ತಾಗುವುದಿಲ್ಲ. ಭಾರ ಹೊತ್ತ ಇಟ್ಟಿಗೆ ಗೋಡೆಯ ಗಾರೆ ಸಡಿಲವಾಗಿದ್ದರೂ ಟೊಳ್ಳು ಸದ್ದೇ ಬರುತ್ತದೆ. ಟೊಳ್ಳಾದ ಕಾಂಕ್ರೀಟ್ ಬ್ಲಾಕ್‌ಗಳಿಂದ ಕಟ್ಟಿದ ಗೋಡೆಯೂ ಭಾರ ಹೊರಬಲ್ಲದು.

ಹಳೆಯ ಮನೆಗಳಲ್ಲಿ, ಮುಖ್ಯವಾಗಿ ಸೈಜುಗಲ್ಲಿನ ಪಾಯದ ಮೇಲೆ ದಪ್ಪ ಗೋಡೆ ಎಬ್ಬಿಸಿ ಅದರ ಮೇಲೆ ನೇರವಾಗಿ ತಾರಸಿ ಕೂರಿಸಿದ ಕಡೆ, ಗೋಡೆಗಳೇ ಕಂಬದ ಕೆಲಸ ಮಾಡುತ್ತವೆ. ಅಂಥ ಗೋಡೆ ತೆಗೆದರೆ ತಾರಸಿಗೆ ಆಸರೆಯೇ ತಪ್ಪಿದಂತೆ. ಆರ್‌ಸಿಸಿ ಕಂಬ ಮತ್ತು ತೊಲೆಗಳಿರುವ ಮನೆಯಲ್ಲಿ ನಡುವಿನ ನಾಲ್ಕೂವರೆ ಇಂಚಿನ ಗೋಡೆಗಳು ಬರೀ ಅಡ್ಡಗೋಡೆಗಳಾಗಿರುವುದು ಹೆಚ್ಚು. ಆದರೆ ಅಳತೆಯೊಂದನ್ನೇ ನಂಬಿ ತೀರ್ಮಾನಿಸಬಾರದು.

ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಇನ್ನೊಂದು ವಿಷಯ ಗಮನಿಸಿ. ಅಲ್ಯುಮಿನಿಯಂ ಅಚ್ಚಿನಲ್ಲಿ ಕಾಂಕ್ರೀಟ್ ಸುರಿದು ಕಟ್ಟುವ, 'ಮೈವಾನ್' ಎಂದು ಕರೆಯುವ ಪದ್ಧತಿಯಲ್ಲಿ ಒಳಗೋಡೆಗಳೂ ಕಾಂಕ್ರೀಟ್‌ನವೇ, ಭಾರ ಹೊರುವಂಥವೇ. ಅಲ್ಲಿ ಗೋಡೆ ಒಡೆಯುವುದಿರಲಿ, ವೈರಿಂಗ್‌ಗಾಗಿ ಆಳವಾಗಿ ಕೊರೆಯುವುದೂ ಸರಿಯಲ್ಲ.

ಗೋಡೆ ಒಡೆದ ದಿನವೇ ಏನೂ ಆಗಲಿಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. ಭಾರ ಅಕ್ಕಪಕ್ಕದ ಗೋಡೆಗಳಿಗೆ ಸರಿದು, ಬಿರುಕು ತಿಂಗಳುಗಳ ನಂತರ ಕಾಣಿಸಿಕೊಳ್ಳಬಹುದು. ಅದು ನಿಮ್ಮ ಮನೆಯಲ್ಲೇ ಕಾಣಿಸಬೇಕೆಂದೂ ಇಲ್ಲ, ಮೇಲಿನ ಮನೆಯಲ್ಲೂ ಕಾಣಿಸಬಹುದು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972 ಕೂಡ ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸವನ್ನು ಉಳಿದ ಮಾಲೀಕರೆಲ್ಲರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎನ್ನುತ್ತದೆ. ಗೋಡೆಗೆ ಸುತ್ತಿಗೆ ತಾಗುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ಬರಹದಲ್ಲಿ ಅಭಿಪ್ರಾಯ ಕೊಡಲಿ.

ನಂಬಿಕೆ 2: 'ತೇವದ ಗೋಡೆಗೆ ಚಂದದ ಪ್ಯಾನೆಲ್ ಹೊಡೆಸಿದರೆ ಸಮಸ್ಯೆ ಮುಗಿಯಿತು.'

ವಾಸ್ತವ: ಮುಚ್ಚಿದ ತೇವ ಒಣಗುವುದಿಲ್ಲ. ಒಳಗೆ ಬೂಷ್ಟು ಬೆಳೆಯುತ್ತದೆ, ಮರದ ಹಲಗೆ ಇದ್ದರೆ ಗೆದ್ದಲಿಗೆ ಆಹ್ವಾನ. ಬೂಷ್ಟಿನಿಂದ ಅಸ್ತಮಾ, ಅಲರ್ಜಿ ಇರುವವರ ಉಸಿರಾಟದ ತೊಂದರೆ ಹೆಚ್ಚುತ್ತದೆ. ಮೊದಲು ನೀರಿನ ಮೂಲ ಹುಡುಕಿ: ತಾರಸಿಯ ಬಿರುಕೇ, ಒಳಗಿನ ಪೈಪೇ, ಪಕ್ಕದ ಬಚ್ಚಲೇ? ಬಚ್ಚಲಿಗೆ ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡಿಸಿದರೆ ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ 24ರಿಂದ 48 ಗಂಟೆ ಬಿಟ್ಟು ಕೆಳಗಡೆ ತೇವ ಬಂತೇ ಎಂದು ನೋಡಬೇಕು. ಈ ಪರೀಕ್ಷೆಯನ್ನು ಒಪ್ಪಂದದಲ್ಲೇ ಬರೆಸಿ.

ನಂಬಿಕೆ 3: 'ವಾಟರ್‌ಪ್ರೂಫ್ ಎಂದು ಹೇಳಿದ ಪ್ಲೈ ಎಲ್ಲ ಕಡೆಗೂ ಆಗುತ್ತದೆ.'

ವಾಸ್ತವ: ಪ್ಲೈವುಡ್‌ನಲ್ಲಿ ದರ್ಜೆಗಳಿವೆ. 'ಎಂಆರ್' ದರ್ಜೆ ಗಾಳಿಯ ತೇವವನ್ನು ತಾಳುತ್ತದೆ, ನೀರನ್ನಲ್ಲ. ಮಲಗುವ ಕೋಣೆಯ ಬೀರುವಿಗೆ ಅದು ಸಾಕು. ಸಿಂಕ್ ಕೆಳಗೆ ನೀರು ತಾಗುವ ಕಡೆ 'ಬಿಡಬ್ಲ್ಯೂಪಿ' ದರ್ಜೆಯದು, ಅಂದರೆ ಐಎಸ್ 710 ಮುದ್ರೆ ಇರುವುದು ಬೇಕು. ಮಾಮೂಲಿ ಬಳಕೆಯ ಪ್ಲೈಗೆ ಐಎಸ್ 303 ಎಂದಿರುತ್ತದೆ. ಹಲಗೆ ಮನೆಗೆ ಬಂದಾಗ, ಕತ್ತರಿಸುವ ಮೊದಲೇ ಮುದ್ರೆಯ ಫೋಟೋ ತೆಗೆದುಕೊಳ್ಳಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೇನಿದೆ ಎಂದು ಯಾರಿಗೂ ಕಾಣುವುದಿಲ್ಲ.

ನಂಬಿಕೆ 4: 'ಬಜೆಟ್ ಹೇಳಿದರೆ ಅಷ್ಟನ್ನೂ ಖರ್ಚು ಮಾಡಿಸುತ್ತಾರೆ, ಹೇಳಬೇಡಿ.'

ವಾಸ್ತವ: ಬಜೆಟ್ ಗೊತ್ತಿಲ್ಲದ ಡಿಸೈನರ್ 15 ಲಕ್ಷದ ಮನೆ ಬಿಡಿಸಿ ತೋರಿಸುತ್ತಾರೆ, ನಿಮ್ಮಲ್ಲಿ 8 ಲಕ್ಷವಿರುತ್ತದೆ. ಆಮೇಲೆ ಒಂದೊಂದನ್ನೇ ಕಡಿಯುತ್ತ ಬಂದಾಗ ಸಾಮಾನ್ಯವಾಗಿ ಮೊದಲು ಹೋಗುವುದು ಕಣ್ಣಿಗೆ ಕಾಣದ ವೈರಿಂಗ್, ವಾಟರ್‌ಪ್ರೂಫಿಂಗ್. ಹಾಗಾಗಿ ಬಜೆಟ್ ಹೇಳಿ, ಆದರೆ ಪೂರ್ತಿ ಹಣವನ್ನಲ್ಲ. 8 ಲಕ್ಷ ಕೂಡಿಟ್ಟಿದ್ದರೆ ಅದರಲ್ಲಿ ಶೇ 15, ಅಂದರೆ 1 ಲಕ್ಷದ 20 ಸಾವಿರವನ್ನು ಪಕ್ಕಕ್ಕಿಡಿ. ಉಳಿದ 6 ಲಕ್ಷದ 80 ಸಾವಿರವೇ ನಿಮ್ಮ ಬಜೆಟ್. ಹಳೆಯ ಗೋಡೆ ಒಡೆದಾಗ ತುಕ್ಕು ಹಿಡಿದ ಪೈಪ್ ಸಿಗುವುದು ಅಪರೂಪವೇನಲ್ಲ. ಕೆಲಸ ನಡೆಯುವಾಗ ಬೇರೆ ಕಡೆ ಇರಬೇಕಾದರೆ ಆ ಬಾಡಿಗೆಯನ್ನೂ ಲೆಕ್ಕ ಹಿಡಿಯಿರಿ.

ನಂಬಿಕೆ 5: 'ಚದರಡಿಗೆ ಯಾರು ಕಡಿಮೆ ಹೇಳುತ್ತಾರೋ ಅವರೇ ಅಗ್ಗ.'

ವಾಸ್ತವ: ಚದರಡಿ ಬೆಲೆಯೊಳಗೆ ಏನೇನು ಸೇರಿದೆ ಎಂದು ತಿಳಿಯದೆ ಹೋಲಿಸಲು ಆಗುವುದಿಲ್ಲ. ಒಬ್ಬರು ಕೀಲು, ಹಿಡಿ, ಡ್ರಾಯರ್ ಚಾನೆಲ್, ಜಿಎಸ್‌ಟಿ, ತ್ಯಾಜ್ಯ ಸಾಗಣೆ ಎಲ್ಲ ಸೇರಿಸಿ ಹೇಳಿರುತ್ತಾರೆ. ಇನ್ನೊಬ್ಬರು ಬರೀ ಪೆಟ್ಟಿಗೆಯ ಬೆಲೆ ಹೇಳಿರುತ್ತಾರೆ. ಬೀರುವಿನ ಮುಂಭಾಗವನ್ನು ಮಾತ್ರ ಅಳೆಯುತ್ತಾರೋ, ಒಳಗಿನ ಹಲಗೆಗಳನ್ನೂ ಅಳೆಯುತ್ತಾರೋ ಎಂಬುದರ ಮೇಲೂ ಮೊತ್ತ ಬದಲಾಗುತ್ತದೆ. ಎಲ್ಲರಿಗೂ ಒಂದೇ ಪಟ್ಟಿ ಕೊಟ್ಟು, ಪ್ರತಿ ವಸ್ತುವಿನ ಅಳತೆ, ದರ್ಜೆ, ಬ್ರ್ಯಾಂಡ್, ಬೆಲೆ ಬೇರೆ ಬೇರೆ ಬರೆದ ಕೊಟೇಶನ್ ಕೇಳಿ.

ವೈರಿಂಗ್: ಗೋಡೆ ಮುಚ್ಚುವ ಮೊದಲೇ ಯೋಚಿಸಿ

ಹಳೆಯ ಮನೆಯ ವೈರಿಂಗ್ ಮಾಡಿದ ಕಾಲದಲ್ಲಿ ಎಸಿ, ಇಂಡಕ್ಷನ್ ಒಲೆ, ಮೈಕ್ರೊವೇವ್ ಇರಲಿಲ್ಲ. ಹೊಸ ಸಾಮಾನುಗಳ ಪಟ್ಟಿಯನ್ನು ಡಿಸೈನರ್‌ಗೆ ಮೊದಲೇ ಕೊಡಿ. ಸಾಮಾನ್ಯವಾಗಿ ದೀಪ, ಫ್ಯಾನ್‌ಗಳಿಗೆ 1.5 ಚದರ ಮಿಲಿಮೀಟರ್, ಪವರ್ ಸಾಕೆಟ್‌ಗಳಿಗೆ 2.5, ಎಸಿ ಮತ್ತು ಗೀಸರ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಬಳಸುತ್ತಾರೆ. ಸಣ್ಣ ವೈರ್‌ನಲ್ಲಿ ಹೆಚ್ಚು ಕರೆಂಟ್ ಹರಿದರೆ ಅದು ಬಿಸಿಯಾಗಿ ಬೆಂಕಿಗೆ ಕಾರಣವಾಗಬಹುದು.

30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇದೆಯೇ ಎಂದು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸಿ. ಕರೆಂಟ್ ಮನುಷ್ಯರ ಮೈಮೂಲಕ ಸೋರಿದಾಗ ಆರ್‌ಸಿಸಿಬಿ ತಕ್ಷಣ ಸಂಪರ್ಕ ಕಡಿಯುತ್ತದೆ. ಮಾಮೂಲಿ ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಚಂದದ ಫಾಲ್ಸ್ ಸೀಲಿಂಗ್ ಒಂದು ವರ್ಷ ತಡವಾದರೆ ನಷ್ಟವೇನಿಲ್ಲ, ಇದು ಮಾತ್ರ ತಡವಾಗಬಾರದು. ಗೋಡೆ ಮುಚ್ಚುವ ಮೊದಲು ಪೈಪ್, ವೈರ್ ಹೋದ ದಾರಿಯನ್ನು ಟೇಪ್ ಇಟ್ಟು ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುತ್ತದೆ.

ಧೂಳು ಮತ್ತು ವಾಸನೆ: ಆರೋಗ್ಯದ ಮಾತು

ಕೆಲಸ ನಡೆಯುವ ಮನೆಯಲ್ಲೇ ಇರುತ್ತೀರಾ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಮಗು, ಗರ್ಭಿಣಿ, ಅಸ್ತಮಾ ಇರುವವರು ಇದ್ದರೆ ಒಡೆಯುವ ಮತ್ತು ಉಜ್ಜುವ ದಿನಗಳಲ್ಲಾದರೂ ಬೇರೆ ಕಡೆ ಇರುವುದು ಒಳ್ಳೆಯದು.

ಭಾರತದಲ್ಲಿ ಮನೆ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ ದಾಟಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್ ಬಣ್ಣ ಕಿಟಕಿ, ಬಾಗಿಲುಗಳ ಮೇಲಿದ್ದರೆ ಅದರಲ್ಲಿ ಹೆಚ್ಚು ಸೀಸ ಇರುವ ಸಾಧ್ಯತೆಯಿದೆ. ಒಣಗಿದ್ದಂತೆಯೇ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ಹರಡುತ್ತದೆ. ರಕ್ತದಲ್ಲಿ ಸೀಸ ಇಷ್ಟಿದ್ದರೆ ಸುರಕ್ಷಿತ ಎನ್ನುವ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದರಿಂದ ಹಾನಿ ಹೆಚ್ಚು. ಬಣ್ಣವನ್ನು ಒದ್ದೆ ಮಾಡಿ ಉಜ್ಜಿಸಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆಯ ಆ್ಯಸ್‌ಬೆಸ್ಟಾಸ್ ಶೀಟುಗಳನ್ನು ಒಡೆಯದೆ, ಕೊರೆಯದೆ ಇಡಿಯಾಗಿ ಇಳಿಸಬೇಕು. ಪುಡಿಯಾದರೆ ಅದರ ಎಳೆಗಳು ಶ್ವಾಸಕೋಶ ಸೇರುತ್ತವೆ.

ಹೊಸ ಪ್ಲೈ, ಎಂಡಿಎಫ್‌ನ ಕಣ್ಣುರಿಯುವ ವಾಸನೆಗೆ ಮುಖ್ಯ ಕಾರಣ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಹಾಗೆಂದು ಹೆದರಬೇಕಿಲ್ಲ. ಕಡಿಮೆ ಹೊರಸೂಸುವ 'ಇ0' ಅಥವಾ 'ಇ1' ದರ್ಜೆ ಕೇಳಿ, ಕತ್ತರಿಸಿದ ಅಂಚುಗಳಿಗೆಲ್ಲ ಪಟ್ಟಿ ಅಂಟಿಸಿ ಮುಚ್ಚಿಸಿ, ವಾಸನೆ ಇಳಿಯುವವರೆಗೆ ಕಿಟಕಿ ತೆರೆದಿಡಿ. ಗೃಹಪ್ರವೇಶದ ಅವಸರಕ್ಕೆ ಹಸಿ ಬಣ್ಣದ ಕೋಣೆಯಲ್ಲಿ ಕೂಸನ್ನು ಮಲಗಿಸಬೇಡಿ.

ಮೊದಲ ಭೇಟಿಯಲ್ಲಿ ಕೇಳಬೇಕಾದ ಪ್ರಶ್ನೆಗಳು

* ಎರಡು ಮೂರು ವರ್ಷ ಹಿಂದೆ ನೀವು ಮುಗಿಸಿದ ಒಂದು ಮನೆ ತೋರಿಸುತ್ತೀರಾ? ಹೊಸ ಕೆಲಸ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಗುಣ ತಿಳಿಯುವುದು ಬಳಸಿದ ಮೇಲೆ.
* ನಿಮ್ಮ ಶುಲ್ಕ ಹೇಗೆ? ಒಟ್ಟು ಮೊತ್ತವೇ, ಶೇಕಡಾವಾರೇ? ಅಂಗಡಿಗಳಿಂದ ಕಮಿಷನ್ ಪಡೆಯುತ್ತೀರಾ?
* ಕೆಲಸದ ಜಾಗಕ್ಕೆ ವಾರಕ್ಕೆ ಎಷ್ಟು ಸಲ ನೀವೇ ಬರುತ್ತೀರಿ?
* 3ಡಿ ಚಿತ್ರದಲ್ಲಿರುವುದರಲ್ಲಿ ಯಾವುದು ಬೆಲೆಯಲ್ಲಿ ಸೇರಿದೆ, ಯಾವುದು ಬರೀ ಅಲಂಕಾರ?
* ನಡುವೆ ಬದಲಾವಣೆ ಬೇಕೆಂದರೆ ಬೆಲೆ ಹೇಗೆ ನಿರ್ಧಾರವಾಗುತ್ತದೆ?
* ಮುಗಿದ ಮೇಲೆ ಕೀಲು ಸಡಿಲವಾದರೆ, ತೇವ ಬಂದರೆ ಎಷ್ಟು ಕಾಲ ನೀವು ಜವಾಬ್ದಾರರು?

ಮೂರನೇ ಪ್ರಶ್ನೆಗೆ ತೇಲಿಸಿ ಉತ್ತರ ಕೊಡುವವರಿಂದ ದೂರವಿರುವುದೇ ಒಳ್ಳೆಯದು.

ಬಾಯಿಮಾತು ಬೇಡ, ಬರಹವಿರಲಿ

ಪರಿಚಯದವರೇ ಆದರೂ ಒಪ್ಪಂದ ಬರಹದಲ್ಲಿರಲಿ. ಕೆಲಸದ ಪಟ್ಟಿ, ವಸ್ತುಗಳ ದರ್ಜೆ, ಶುರು ಮತ್ತು ಮುಗಿಯುವ ದಿನಾಂಕ, ತಡವಾದರೆ ಏನು ಎಂಬುದೆಲ್ಲ ಅದರಲ್ಲಿರಬೇಕು. ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ. 'ಈಗಲೇ ಅರ್ಧ ಕೊಟ್ಟರೆ ರಿಯಾಯಿತಿ' ಎಂಬ ಮಾತಿಗೆ ಮರುಳಾಗಬೇಡಿ. ಕೊನೆಯ ಶೇ 5ರಿಂದ 10ರಷ್ಟನ್ನು, ಉಳಿದ ಸಣ್ಣಪುಟ್ಟ ದೋಷಗಳೆಲ್ಲ ಸರಿಯಾದ ಮೇಲೆ ಕೊಡುವಂತೆ ಬರೆಸಿ. ಪಾವತಿ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಇರಲಿ, ಬಿಲ್ ಪಡೆಯಿರಿ. ಫೋನ್‌ನಲ್ಲಿ ಒಪ್ಪಿದ ಬದಲಾವಣೆಯನ್ನು ಅದೇ ದಿನ ಸಂದೇಶದಲ್ಲಿ ಬರೆದು ಕಳಿಸಿ, 'ಸರಿ' ಎಂಬ ಉತ್ತರ ತರಿಸಿಕೊಳ್ಳಿ.

ಇಷ್ಟಾಗಿಯೂ ಮೋಸವಾದರೆ ದಾರಿಯಿದೆ. ಹಣ ಕೊಟ್ಟು ಪಡೆದ ಸೇವೆಯಲ್ಲಿನ ಕೊರತೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ವ್ಯಾಪ್ತಿಗೆ ಬರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆಗ ನಿಮ್ಮ ಕೈಹಿಡಿಯುವುದು ಆ ಒಪ್ಪಂದ, ಆ ಬಿಲ್‌ಗಳು, ಆ ಫೋಟೋಗಳು.

ಫಾರ್ವರ್ಡ್ ಮಾಡುವವರಿಗಾಗಿ ಸಾರಾಂಶ

✔ ಒಂದು ವಾರ ಮನೆಯ ದಿನಚರಿ ಬರೆಯಿರಿ. ಅಡುಗೆ ಮಾಡುವವರು, ವಯಸ್ಸಾದವರು ಮಾತುಕತೆಯಲ್ಲಿರಲಿ.
✔ ನಕ್ಷೆ, ಅಳತೆ, ಮಳೆಗಾಲದ ತೇವದ ಫೋಟೋ ಸಿದ್ಧವಿರಲಿ.
✔ ಎಂಜಿನಿಯರ್ ಬರಹದಲ್ಲಿ ಒಪ್ಪದೆ ಯಾವ ಗೋಡೆಯನ್ನೂ ಒಡೆಸಬೇಡಿ.
✔ ಮೊದಲು ಸೋರಿಕೆ ಮತ್ತು ವೈರಿಂಗ್, ಅಲಂಕಾರ ಆಮೇಲೆ.
✔ ಶೇ 15ರಷ್ಟು ಹಣ ಪಕ್ಕಕ್ಕಿಟ್ಟು ಉಳಿದದ್ದನ್ನು ಬಜೆಟ್ ಎಂದು ಹೇಳಿ.
✔ ಪ್ಲೈ ಮುದ್ರೆಯ ಫೋಟೋ ತೆಗೆಯಿರಿ. ನೀರು ತಾಗುವ ಕಡೆ ಐಎಸ್ 710.
✔ ಒಪ್ಪಂದ ಬರಹದಲ್ಲಿ, ಹಣ ಹಂತಹಂತವಾಗಿ.

ನಿಮ್ಮ ಬಳಗದಲ್ಲಿ ಯಾರಾದರೂ ಈ ವರ್ಷ ಮನೆ ಸರಿಮಾಡಿಸುವ ಯೋಚನೆಯಲ್ಲಿದ್ದರೆ, ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ಅವರಿಗೆ ಕಳಿಸಿ. ಗೋಡೆ ತಟ್ಟಿ ನೋಡುವ ಸಂದೇಶ ನಿಮ್ಮ ಗುಂಪಿಗೂ ಬಂದಿದ್ದರೆ, ಅದರ ಕೆಳಗೇ ಇದನ್ನು ಹಾಕಿ.